ಬೆಲ್ಲದಂಗಡಿಯ ಬೀಗದ ಪದ

"ಬ್ಯಾಡ."

ಕೈಯಲ್ಲಿದ್ದ ಮೊಬೈಲಿನಿಂದ ತಲೆ ಎತ್ತದೆ ಸಿದ್ದರಾಜು ಅವಳಿಗೆ ಹೇಳಿದ ಮೊದಲ ಮಾತು ಅದು.

ನಾಗಶ್ರೀಗೆ ಮೈಯೆಲ್ಲ ಉರಿದುಹೋಯಿತು. ತನ್ನೂರು ಕೊಪ್ಪದಿಂದ ಮದ್ದೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಹಳೇ ಕಂಪ್ಯೂಟರು ಅವನ ರಿಪೇರಿ ಮೇಜಿನ ಮೇಲೆ ಕೂತಿತ್ತು. ಅದರತ್ತ ಕಣ್ಣೂ ಹಾಯಿಸದೆ ಬೇಡ ಅಂದುಬಿಡುವುದಾ?

ಅಪ್ಪ ತಿಮ್ಮಯ್ಯನ ಆಲೆಮನೆಯ ಬೆಲ್ಲವನ್ನು ಅವಳು ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಅಂಗಡಿ ಇದ್ದದ್ದು ಯಾವುದೋ ಕಂಪನಿಯ ಬಾಡಿಗೆ ಜಾಗದಲ್ಲಿ. ಏನೋ ಒಂದು ಕಾಗದ ಸರಿಯಿಲ್ಲ ಎಂದು ಆ ಕಂಪನಿ ಸರಿಯಾಗಿ ಸಂಕ್ರಾಂತಿಯ ಹೊತ್ತಿಗೆ ನಾಲ್ಕು ದಿನ ಬಾಗಿಲು ಹಾಕಿಬಿಟ್ಟಿತ್ತು. ಫೋನ್ ಮಾಡಿದರೆ ಮನುಷ್ಯರೇ ಸಿಗಲಿಲ್ಲ. ಗಿರಾಕಿಗಳ ಹೆಸರು, ವಿಳಾಸ ಎಲ್ಲ ಒಳಗೇ ಸಿಕ್ಕಿಕೊಂಡವು.

ಯುಗಾದಿಗೂ ಹೀಗೇ ಆದರೆ... ಎರಡು ವರ್ಷ ಒಬ್ಬೊಬ್ಬರನ್ನಾಗಿ ಕೂಡಿಸಿದ ಗಿರಾಕಿಗಳು ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ.

ಅದಕ್ಕೇ ಈ ಹಟ. ಗಿರಾಕಿ ಬೆಲ್ಲ ಆರಿಸಿ ಬುಟ್ಟಿಗೆ ಹಾಕುವುದರಿಂದ ಹಿಡಿದು ಆರ್ಡರ್ ಬರುವವರೆಗಿನ ಇಡೀ ಸಾಫ್ಟ್‌ವೇರು ತನ್ನ ಮನೆಯಲ್ಲೇ, ತನ್ನ ಮಿಷನ್ನಿನಲ್ಲೇ ಇರಬೇಕು.

"ಯಾಕೆ ಬೇಡ? ಹುಡುಗಿ ಕೈಲಿ ಆಗಲ್ಲ ಅಂತಾನಾ?"

"ಸಾಫ್ಟ್‌ವೇರು ಬಿಟ್ಟಿ ಸಿಕ್ತದೆ ಕಣ್ರೀ. ಸಾಕೋದು ಕಷ್ಟ. ಕಳ್ಳರು ನುಗ್ಗದಂಗೆ ಕಾಯ್ಬೇಕು, ದಿನಾ ಇನ್ನೊಂದು ಕಡೆ ಕಾಪಿ ಇಡ್ಬೇಕು. ಕರೆಂಟು ಕೈ ಕೊಟ್ರೆ ಅಂಗಡೀನೂ ಮುಚ್ಕೋತದೆ. ಇದ್ನೆಲ್ಲ ನೋಡ್ಕೊಳ್ಳೋರ್ಯಾರು?"

"ನಾನು."

ಆಗ ಅವನು ತಲೆ ಎತ್ತಿದ. ಇನ್ನೊಂದು ಸ್ಟೂಲನ್ನು ಅವಳ ಕಡೆ ಎಳೆದ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಸಿದ್ದರಾಜು. ಕೆಟ್ಟ ಫೋನುಗಳನ್ನು ಬಿಚ್ಚುತ್ತ ಬಿಚ್ಚುತ್ತ ಸರ್ವರ್ ಕೂರಿಸುವುದನ್ನೂ ತಾನೇ ಕಲಿತಿದ್ದ. ಮಂಡ್ಯದಲ್ಲಿ ಕೆಲಸ ಕೇಳಲು ಹೋದಾಗ ಅವನ ಕೈಗೆ ಒಂದು ಮಿಷನ್ ಕೊಟ್ಟು ನೋಡುವ ಯೋಗ್ಯತೆ ಅಲ್ಲಿ ಒಬ್ಬನಿಗೂ ಇರಲಿಲ್ಲ. ಮಾರ್ಕ್ಸ್ ಕಾರ್ಡ್ ಕೇಳಿ ನಕ್ಕರು. ನಗುವುದಕ್ಕೆ ಯಾವ ಡಿಗ್ರಿಯೂ ಬೇಕಿಲ್ಲವಲ್ಲ!

ಅವನು ಕೀಬೋರ್ಡನ್ನು ಒಮ್ಮೆಯೂ ಮುಟ್ಟಲಿಲ್ಲ. ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸಿದ. ತಪ್ಪಾದರೆ ಅಳಿಸಿ ಮೊದಲಿನಿಂದ ಮಾಡಿ ಅನ್ನುತ್ತಿದ್ದ. ತಾನು ಮಾಡಿಕೊಟ್ಟರೆ ಅಂಗಡಿ ತನ್ನದಾಗುತ್ತದೆ, ಅವಳದಾಗುವುದಿಲ್ಲ ಎಂಬುದು ಅವನ ಲೆಕ್ಕ.

'ಮೂರು ವರ್ಷ ಕಾಲೇಜಿಗೆ ಹೋದೆ. ಹೀಗೆ ಯಾರೂ ಹೇಳಿಕೊಡಲಿಲ್ಲವಲ್ಲ...' ಅಂದುಕೊಂಡಳು ನಾಗಶ್ರೀ.

ಕೊನೆಗೆ ಬೀಗದ ಪದ, ಅಂದರೆ ಪಾಸ್ವರ್ಡು, ಹಾಕಬೇಕಾಯಿತು. ಸಿದ್ದರಾಜು ಎದ್ದು ನಿಂತು ರಸ್ತೆಯ ಕಡೆ ಮುಖ ತಿರುಗಿಸಿದ. ಆ ಪದವನ್ನು ತನಗೂ ಹೇಳಬಾರದು ಅಂದ. ಅವಳು ಏನನ್ನೋ ಒತ್ತಿ, ತನ್ನಷ್ಟಕ್ಕೆ ನಕ್ಕಳು.

ಅವತ್ತಿನಿಂದ ಅಂಗಡಿ ಕೊಪ್ಪದ ಮನೆಯಲ್ಲಿ, ಟೀವಿಯ ಪಕ್ಕದಲ್ಲಿ ನಡೆಯತೊಡಗಿತು. ಕರೆಂಟು ಹೋದರೆ ಅರ್ಧ ಗಂಟೆ ತಾಳುವಂತೆ ಸಿದ್ದರಾಜು ಒಂದು ಯುಪಿಎಸ್ಸನ್ನೂ ಹಾಕಿಸಿದ್ದ. ದಿನಾ ಕಾಪಿ ಹೋಗುತ್ತದೆ, ಯೋಚನೆ ಬೇಡ ಅಂದಿದ್ದ. ಅವನು ಹೇಳಿದ ವಿಳಾಸವನ್ನು ಒತ್ತಿದ್ದಳಷ್ಟೆ, ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಯುಗಾದಿಗೆ ಇನ್ನು ಐದೇ ದಿನ. ನಾಗಶ್ರೀ ಕೊರಿಯರ್ ಕೆಲಸಕ್ಕೆ ಮಂಡ್ಯಕ್ಕೆ ಹೋಗಿದ್ದಾಗ ಮಧ್ಯಾಹ್ನದಿಂದ ಅವಳ ಫೋನಿಗೆ ಒಂದು ಆರ್ಡರೂ ಬರಲಿಲ್ಲ. ಮನೆಗೆ ಓಡಿಬಂದರೆ ಕಂಪ್ಯೂಟರು ಕಪ್ಪಾಗಿತ್ತು.

"ಗುಡುಗು ಬತ್ತಿತ್ತು ಕಣವ್ವ, ಮೇನ್ ಸ್ವಿಚ್ಚು ಇಳಿಸ್ಬುಟ್ಟು ಗದ್ದೆ ತಾವ್ಕೆ ಓದೆ," ಅಂದ ತಿಮ್ಮಯ್ಯ. "ಓದ್ ವರ್ಸ ಟೀವಿ ಸುಟ್ಟೋಗಿದ್ದು ನೆಪ್ಪಿಲ್ವಾ?"

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಅವನು ಮನೆ ಉಳಿಸಲು ನೋಡಿದ್ದ. ಮೇನ್ ಏರಿಸಿದರೂ ಹಳೇ ಮಿಷನ್ ಮಾತ್ರ ಏಳಲೇ ಇಲ್ಲ.

ಅದನ್ನು ಹೊತ್ತು ಮತ್ತೆ ಮದ್ದೂರಿಗೆ ಓಡಿದಳು. ಸಿದ್ದರಾಜು ಕೇಳಿಸಿಕೊಂಡು, ತಕ್ಷಣ ತನ್ನ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಅವಳ ಅಂಗಡಿಯ ಹೆಸರು. ಅದರ ಕೆಳಗೆ ಸಾಲಾಗಿ ತಾರೀಖುಗಳು. ಒಂದು ದಿನವೂ ತಪ್ಪಿರಲಿಲ್ಲ.

ನಾಗಶ್ರೀ ಪರದೆಯಿಂದ ಹಿಂದೆ ಸರಿದಳು.

"ನನ್ನ ಗಿರಾಕಿಗಳೆಲ್ಲ ನಿಮ್ಮ ಮಿಷನ್ನಲ್ಲಿದ್ದಾರೆ. ನನ್ನನ್ನೊಂದು ಮಾತು ಕೇಳ್ಲಿಲ್ಲ. ಆ ಕಂಪ್ನಿಗೂ ನಿಮಗೂ ಏನ್ ವ್ಯತ್ಯಾಸ ಸಿದ್ದರಾಜು?"

ಮಂಡ್ಯದವರು ನಕ್ಕಾಗಲೂ ಇಳಿಯದ ಮುಖ ಈಗ ಇಳಿಯಿತು. ಅವನು ಆ ಹೆಸರಿನ ಮೇಲೆ ಒತ್ತಿದ. ಪರದೆ ಬೀಗದ ಪದ ಕೇಳಿತು.

"ನನ್ ತಾವ ಇರೋದು ಬೀಗ ಹಾಕಿರೋ ಪೆಟ್ಗೆ. ಅವತ್ತು ನೀವು ಹಾಕಿದ್ ಪದಾನೇ ಇದ್ರ ಬೀಗ. ನಾನು ತಲೆಕೆಳಗಾದ್ರೂ ತೆಗ್ಯಕ್ಕಾಗಕಿಲ್ಲ... ಆದ್ರೂ ಕೇಳ್ದೆ ಇಟ್ಕಂಡಿದ್ದು ತಪ್ಪೇ."

ಹಾಗಂದು ಎದ್ದ. ಅವತ್ತಿನ ಹಾಗೆಯೇ ರಸ್ತೆಗೆ ಮುಖ ಮಾಡಿ ನಿಂತ.

ನಾಗಶ್ರೀ ಪದ ಒತ್ತಿದಳು. ಅಂಗಡಿ ತೆರೆದುಕೊಂಡಿತು. ನಿನ್ನೆ ಸಂಜೆಯವರೆಗಿನ ಅಷ್ಟೂ ಆರ್ಡರುಗಳು, ಅಷ್ಟೂ ಹೆಸರುಗಳು ಹಾಗೇ ಇದ್ದವು. ಅವಳ ಕಣ್ಣು ಮಂಜಾಯಿತು.

'ಇವನನ್ನಾ ನಾನು ಆ ಕಂಪನಿಗೆ ಹೋಲಿಸಿದ್ದು...'

ಆಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಿದರು. ಸಾಫ್ಟ್‌ವೇರು ಅವಳದೇ, ಬೀಗವೂ ಅವಳದೇ. ಮಿಷನ್ ಮಾತ್ರ ಸರ್ವರ್ ಬಾಡಿಗೆಗೆ ಕೊಡುವವರ ಹತ್ತಿರ, ಕರೆಂಟು ಹೋಗದ ಕಡೆ. ಅಲ್ಲಿಯವರು ತಕರಾರು ತೆಗೆದರೆ ಅಂಗಡಿಯನ್ನು ಎತ್ತಿಕೊಂಡು ಇನ್ನೊಂದು ಮಿಷನ್ನಿಗೆ ಹೋಗಬಹುದು. ಅಪ್ಪ ಗುಡುಗು ಬಂದಾಗಲೆಲ್ಲ ನೆಮ್ಮದಿಯಾಗಿ ಮೇನ್ ಇಳಿಸಬಹುದು. ಹೊತ್ತು ಮುಳುಗುವ ಮೊದಲೇ ಹೊಸ ಜಾಗದಲ್ಲಿ ಬಾಗಿಲು ತೆರೆಯಿತು, ಮೊದಲ ಆರ್ಡರೂ ಬಂತು.

"ಇನ್ಮೇಲೆ ಕೆಡಾದಿಲ್ಲ," ಅಂದ ಸಿದ್ದರಾಜು. ದನಿ ಯಾಕೋ ಸಣ್ಣದಾಗಿತ್ತು. "ನೀವು ಇಲ್ಲೀಗಂಟ ಬರೋ ಕೆಲ್ಸಾನೂ ಇರಾಕಿಲ್ಲ."

"ಕೆಲಸ ಇದ್ರೇನೇ ಬರಬೇಕಾ?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಎತ್ತಿಕೊಳ್ಳಲು ಅವನಿಗೆ ನೆನಪಾಗಲಿಲ್ಲ.

"ನನ್ನ ಬೀಗದ ಪದ ಏನು ಗೊತ್ತಾ?" ಅವಳು ತಲೆ ತಗ್ಗಿಸಿದಳು. "'ಬ್ಯಾಡ ಅಂದೋನು'. ಅವತ್ತು ಸಿಟ್ಟಲ್ಲಿ ಹಾಕಿದ್ದು."

ಸಿದ್ದರಾಜು ಮೊದಲ ಸಲ ಬಾಯ್ತುಂಬ ನಕ್ಕ. "ಅಯ್ಯೋ, ನಂಗೆ ಹೇಳ್ಬುಟ್ರಲ್ಲ! ಈಗ ಬದಲಾಯಿಸ್ಬೇಕು."

"ಅದಕ್ಕೇ ಹೇಳಿದ್ದು. ತಿರುಗಿ ಆ ಕಡೆ."

ಅವನು ರಸ್ತೆಯ ಕಡೆ ತಿರುಗಿದ. ಹಿಂದೆ ಕೀಲಿಗಳ ಸದ್ದು ನಿಲ್ಲುವ ಹಾಗೇ ಕಾಣಲಿಲ್ಲ.

"ಎಷ್ಟುದ್ದ ಐತೆ ನಾಗಶ್ರೀ ಅದು?"

"ಇಬ್ಬರ ಹೆಸರು ಹಿಡಿಸೋವಷ್ಟು."