ಹರ್ಷದಾಳ ಒಂಬತ್ತು ಜಿಬಿ

೨೦೦೫ರ ನವೆಂಬರ್. ಕೋಥರೂಡದ ಗಂಗೂಬಾಯಿಯವರ ಕಂಪ್ಯೂಟರಿನಲ್ಲಿ ಮಗ ಬಳಸುವ ವಿಂಡೋಸ್‌ಗೆ ಜಾಗ ಸಾಲುತ್ತಿರಲಿಲ್ಲ. ಡಿಸ್ಕಿನ ಉಳಿದರ್ಧದಲ್ಲಿ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ, ತೀರಿಕೊಂಡ ಮಗಳು ಹರ್ಷದಾ ಹಾಕಿಕೊಂಡದ್ದು. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ.

“ಅಳಸಬ್ಯಾಡ್ರಿ. ಸ್ವಲ್ಪ ಸಣ್ಣದ ಮಾಡ್ರಿ,” ಎಂದರು ತಾಯಿ.

ರಿಪೇರಿಯವನಾದ ನಾನು ರೂಢಿಯಂತೆ ಮೊದಲು ಅವಳ ಭಾಗವನ್ನು ನನ್ನ ಡಿಸ್ಕಿಗೆ ನಕಲು ಮಾಡಿಕೊಂಡೆ. ಅದರಲ್ಲಿ ಆರು ಜಿಬಿಯಷ್ಟೇ ತುಂಬಿತ್ತು. ಅವಳಿಗೆ ಒಂಬತ್ತು ಉಳಿಸಿ, ಮಿಕ್ಕಿದ್ದನ್ನು ಮಗನ ಕಡೆಗೆ ಸೇರಿಸಿದೆ.

ಜನವರಿಯ ಚಳಿಯಲ್ಲಿ ಮತ್ತೆ ಕರೆದರು. ಮಗ ಹಾಸ್ಟೆಲ್ಲಿಗೆ ಹೋಗಿದ್ದ. ಕಂಪ್ಯೂಟರಿನ ವೈರು ಕಿತ್ತಿಟ್ಟು ತಿಂಗಳಾಗಿತ್ತು. ಆದರೂ ಡಬ್ಬಿ ಬೆಚ್ಚಗಿತ್ತು. ವೈರು ಸಿಕ್ಕಿಸಿ, ಆನ್ ಮಾಡಿ ನೋಡಿದೆ. ಹರ್ಷದಾಳ ಒಂಬತ್ತೂ ಜಿಬಿ ತುಂಬಿತ್ತು.

ಗಂಗೂಬಾಯಿ ಡಬ್ಬಿಯ ಮೇಲಿಂದ ಕೈ ತೆಗೆಯಲಿಲ್ಲ. “ಅಕಿಗೆ ಜಾಗ ಸಾಲವಲ್ದೇನ್ರಿ?”

ಮನೆಗೆ ಬಂದು, ಟ್ರಂಕಿನಲ್ಲಿಟ್ಟಿದ್ದ ನಕಲಿನ ಡಿಸ್ಕ್ ತೆಗೆದೆ. ಅದೂ ಬೆಚ್ಚಗಿತ್ತು.