ನಡುವೆ ಕಣ್ಣೆತ್ತಿದ್ದರೆ

ಎದುರು ಮೇಜಿಗೆ ವರ್ಗವಾಗಿ ಬಂದ ದಿನದಿಂದ ಅವಳೊಡನೆ ಒಂದು ಮಾತೂ ಆಡದಿದ್ದವನು ಮೊದಲ ಬಾರಿ ಬಾಯಿ ತೆರೆದದ್ದು ತುಂಬಿದ ಸಭೆಯಲ್ಲಿ. ಅದೂ ಅವಳ ವಿರುದ್ಧ.

"ಈ ಲೆಕ್ಕ ನಂಬಬೇಡಿ, ಸಾರ್."

ವಿದ್ಯುತ್ ನಿಯಂತ್ರಣ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಲೆಕ್ಕದಮ್ಮ ಎಂದು. ಸಂಜೆ ಹೊಸ ಗಿರಣಿಯ ಮೋಟಾರುಗಳೆಲ್ಲ ಒಮ್ಮೆಲೇ ಶುರುವಾದರೂ ಊರಿನ ಲೈನು ತಡೆದುಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಿದ್ದಳು. ತಪ್ಪಿದರೆ ಊರೇ ಕತ್ತಲು.

ಮುಖ್ಯ ಇಂಜಿನಿಯರು ಇಬ್ಬರ ಮುಖವನ್ನೂ ನೋಡಿ, ಊಟ ಮುಗಿಯುವುದರೊಳಗೆ ಒಂದೇ ಮಾತು ಹೇಳಿ ಎಂದು ಎದ್ದುಹೋದರು.

"ಹೆಜ್ಜೆ ಚಿಕ್ಕದು ಮಾಡಿ ನೋಡಿ," ಎಂದು ನೆಲಕ್ಕೆ ಹೇಳಿ ಅವನೂ ಹೋದ.

ಅವಳಿಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಫೋನಿನಲ್ಲಿ ಅಕ್ಕನೆದುರು ಎಲ್ಲ ಕಾರಿಕೊಂಡಳು. ಅಕ್ಕ ನಕ್ಕುಬಿಟ್ಟಳು. "ಅವನು ಬಾಯೇ ಬಿಡಲ್ಲ ಅಂತ ದಿನಾ ಗೊಣಗ್ತಿದ್ದೆ. ಈಗ ಬಿಟ್ಟಿದಾನೆ, ಅದಕ್ಕೂ ತಕರಾರಾ?"

ಫೋನ್ ಇಟ್ಟು ಕೀಲಿಮಣೆ ಎಳೆದುಕೊಂಡಳು. ಲೆಕ್ಕ ಸಾಗುವುದು ಕಾಲದ ಹೆಜ್ಜೆಗಳಲ್ಲಿ. ಒಮ್ಮೆ ನೋಡಿ, ಒಂದಿಷ್ಟು ಕ್ಷಣ ಜಿಗಿದು, ಮತ್ತೆ ನೋಡುತ್ತದೆ. ಬೇಗ ಮುಗಿಯಲೆಂದು ಅವಳು ಉದ್ದ ಹೆಜ್ಜೆ ಇಟ್ಟಿದ್ದಳು. ತೂಗುವ ಉಯ್ಯಾಲೆಯನ್ನು ಅದು ಹಿಂದಿನ ಜಾಗಕ್ಕೇ ಬಂದಾಗ ಮಾತ್ರ ಕಣ್ಣುಬಿಟ್ಟು ನೋಡುವವರಿಗೆ ಅದು ನಿಂತ ಹಾಗೇ ಕಾಣುತ್ತದಲ್ಲ...

ಹೆಜ್ಜೆ ಕಿರಿದಾಗಿಸಿದಳು. ಪರದೆಯ ಮೇಲೆ ನೆಟ್ಟಗಿದ್ದ ಗೆರೆ ತೂಗತೊಡಗಿತು. ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು; ಲೈನು ತಡೆದುಕೊಳ್ಳುತ್ತಿರಲಿಲ್ಲ.

ದೇವರು ತಡೆದ, ಅಂದುಕೊಂಡಳು. ಹಾಗೆ ಅಂದುಕೊಳ್ಳುವಾಗ ಕಣ್ಣಮುಂದೆ ಬಂದದ್ದು ಮಾತ್ರ ಅವನ ಮುಖ!

ತಾನೇ ಹೋಗಿ ಮುಖ್ಯ ಇಂಜಿನಿಯರಿಗೆ, ನನ್ನದೇ ತಪ್ಪು, ಮೋಟಾರುಗಳನ್ನು ಒಂದೊಂದಾಗಿ ಶುರು ಮಾಡಿಸಿ ಎಂದಳು. ಸಂಜೆ ಹಾಗೇ ಆಯಿತು. ದೀಪಗಳು ಒಮ್ಮೊಮ್ಮೆ ಮಂಕಾಗಿ, ಮತ್ತೆ ಚೇತರಿಸಿಕೊಂಡು ನಿಂತವು.

ಅವಳ ಮನಸ್ಸು ಮಾತ್ರ ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಅವನನ್ನು ತಡೆದಳು.

"ನನಗೊಬ್ಬಳಿಗೇ ಹೇಳಬಹುದಿತ್ತಲ್ಲ?"

ಸಭೆ ಸೇರುವ ಹೊತ್ತಿಗಷ್ಟೇ ನನಗೂ ಆ ತಪ್ಪು ಕಂಡಿತ್ತು, ಓಡಿಬಂದು ಬಾಗಿಲಲ್ಲೇ ನಿಮಗೆ ಹೇಳಬೇಕೆಂದಿದ್ದೆ, ನಾಲಿಗೆ ಏಳಲಿಲ್ಲ ಎಂದು ಅವನು ತಡವರಿಸಿದ. "ಸಾರ್ ಹತ್ರ ಮಾತು ಬರುತ್ತೆ. ನಿಮ್ಮ ಹತ್ರ ಬರಲ್ಲ."

"ಯಾಕೆ?"

"ನೀವು ತಲೆ ಎತ್ತಿದಾಗಲೆಲ್ಲ ನಾನು ಪರದೆ ನೋಡ್ತಿರ್ತೀನಿ. ನಡುವೆ ಒಂದ್ಸಲ ಎತ್ತಿದ್ರೆ ಗೊತ್ತಾಗ್ತಿತ್ತು..."

"ಏನು?"

"ಎಲ್ಲಿ ನೋಡ್ತಿರ್ತೀನಿ ಅಂತ."

ಅವನ ಕೈ ಮೆಟ್ಟಿಲ ಕಂಬಿಯ ಮೇಲಿತ್ತು. ಅವಳು ಪಕ್ಕದಲ್ಲೇ ತನ್ನ ಕೈ ಇಟ್ಟಳು.

"ನಾಳೆಯಿಂದ ಹೆಜ್ಜೆ ಚಿಕ್ಕದು ಮಾಡ್ತೀನಿ," ಎಂದಳು.