ಹನ್ನೆರಡು ಜನ ಓದಿದ ಪುಟ

"ಇದು ಮೂರನೇ ಭಾನುವಾರ. ಇವತ್ತೂ ಹಾಗೇ ವಾಪಸ್ ಹೋಗ್ತೀರಾ?"

ಬೆನ್ನ ಹಿಂದಿನಿಂದ ಗಂಡು ದನಿಯೊಂದು ಕೇಳಿತು. ಪಾರ್ಕಿನ ಗೇಟಿನ ಪಕ್ಕದ ಬೋರ್ಡನ್ನು ಓದುವ ನಾಟಕವಾಡುತ್ತಿದ್ದವಳು ತಿರುಗಿ ನೋಡಿದಳು. ಎತ್ತರದ ಆಳು, ಕನ್ನಡಕದ ಹಿಂದೆ ನಗುವ ಕಣ್ಣು. ಅಯ್ಯೋ ದೇವರೇ... ಎರಡು ವಾರದಿಂದ ಇವನು ನೋಡುತ್ತಲೇ ಇದ್ದನಾ?

"ನಾನು... ಬೋರ್ಡ್ ಓದ್ತಿದ್ದೆ."

"ಅದರಲ್ಲಿರೋದು ನಾಲ್ಕೇ ಸಾಲು" ಎಂದ ಅವನು, ಮುಖ ಗಂಭೀರ ಮಾಡಿಕೊಂಡು. "ಭಾನುವಾರದ ನಡಿಗೆ, ಹೊಸಬರಿಗೆ ಸ್ವಾಗತ, ನಿಧಾನಕ್ಕೆ ನಡೆದರೂ ಸರಿ, ಕೊನೆಗೆ ಟೀ. ಬನ್ನಿ."

ಅವಳು ಹೋದಳು. ಹೋಗದೆ ಏನು ಮಾಡುತ್ತಾಳೆ, ಕಳ್ಳಿ ಸಿಕ್ಕಿಬಿದ್ದಿದ್ದಳಲ್ಲ!

ಈ ಊರಿಗೆ ಬಂದು ಐದು ತಿಂಗಳಾಗಿತ್ತು. ಕೆಲಸ ಹಲ್ಲಿನ ಲ್ಯಾಬಿನಲ್ಲಿ. ದಿನವಿಡೀ ಕೂತು ಊರವರಿಗೆಲ್ಲ ಹಲ್ಲು ಸೆಟ್ ಮಾಡುವುದು, ಸಂಜೆ ಮನೆಗೆ ಬಂದರೆ ಹಲ್ಲು ಬಿಟ್ಟು ನಗಲು ಎದುರಿಗೆ ಒಬ್ಬರೂ ಇಲ್ಲ. ನಾಲ್ಕು ಜನರ ಜೊತೆ ಬೆರೆ ಎಂದು ಅಕ್ಕ ಫೋನಿನಲ್ಲಿ ತಲೆ ತಿಂದಿದ್ದಕ್ಕೇ ಅವಳು ಆ ಗೇಟಿನವರೆಗೆ ಬಂದಿದ್ದು.

ನಡಿಗೆಯ ಬಳಗ ಕಟ್ಟಿದವರು ಆಸ್ಪತ್ರೆಯಿಂದ ನಿವೃತ್ತರಾದ ದಾದಿ. ಎಲ್ಲರಿಗೂ ಅವರು ನರ್ಸಮ್ಮ. ಹೊಸದಾಗಿ ಬಂದವರು ಒಬ್ಬರೇ ನಡೆಯಬಾರದು ಎಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಹೊಸಬರಿಗೆ ಮೊದಲ ತಿಂಗಳು ಒಬ್ಬರು ಜೊತೆಗಾರರು, ಆಮೇಲೆ ವಾರಕ್ಕೊಬ್ಬರು. ಇವಳ ಪಾಲಿಗೆ ಬಂದವನು ಗೇಟಿನಲ್ಲಿ ಸಿಕ್ಕಿದವನೇ, ಪೇಟೆ ಬೀದಿಯ ಕನ್ನಡಕದಂಗಡಿಯವನು.

ಅವನು ಹೆಚ್ಚು ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು, ಮೂರನೇ ವಾರ ಕೊಳದ ಮೆಟ್ಟಿಲ ಮೇಲೆ ಕೂತಾಗ ಅವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಗಂಡ ಬಿಟ್ಟುಹೋಗಿ ಎರಡು ವರ್ಷವಾಗಿದ್ದು... ಹೋದದ್ದು ತನ್ನ ಆಪ್ತ ಗೆಳತಿಯ ಜೊತೆಗೇ ಎಂಬುದು... ತನಗೆ ಗೊತ್ತಾಗುವ ಮೊದಲೇ ಸ್ನೇಹಿತರಿಗೆಲ್ಲ ಗೊತ್ತಿತ್ತು ಎಂಬುದು.

"ಇದನ್ನ ಈ ಊರಲ್ಲಿ ಯಾರಿಗೂ ಹೇಳಿಲ್ಲ" ಎಂದಿದ್ದಳು. ಅವನು ತನ್ನ ಕರವಸ್ತ್ರ ಕೊಟ್ಟಿದ್ದ.

ಆಮೇಲೆ ಜೊತೆಗಾರರು ಬದಲಾದರು. ಎಂಥ ಜನ! ಯಜಮಾನರು ಏನು ಮಾಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಬ್ಯಾಂಕಿನ ಅಂಕಲ್ ಕೇಳದೆಯೇ ಸಕ್ಕರೆ ಇಲ್ಲದ ಟೀ ತಂದುಕೊಟ್ಟರು. ಟ್ಯೂಷನ್ ಟೀಚರ್ ಬಾಚಿ ಹಲ್ಲಿನಿಂದ ಹಿಡಿದು ದವಡೆ ಹಲ್ಲಿನವರೆಗೆ ವಿಚಾರಿಸಿದರು. ಪುಣ್ಯ ಮಾಡಿದ್ದೆ ಕಣೇ ಎಂದು ಅವಳು ಅಕ್ಕನಿಗೆ ಹೇಳಿಕೊಂಡಳು.

ಇನ್ನೊಂದನ್ನು ಹೇಳಿಕೊಳ್ಳಲಿಲ್ಲ. ಸರದಿ ಮುಗಿದರೂ ಟೀ ಹೊತ್ತಿಗೆ ಪಕ್ಕಕ್ಕೆ ಬಂದು ಕೂರುತ್ತಿದ್ದ ಅವನಿಗಾಗಿ ಅವಳು ಶನಿವಾರವೇ ಬಟ್ಟೆ ಇಸ್ತ್ರಿ ಮಾಡಿಡತೊಡಗಿದ್ದಳು. ಮನಸ್ಸು ಸೋತಿತ್ತು, ಅಷ್ಟೇ.

ಹತ್ತನೇ ವಾರ ನರ್ಸಮ್ಮ ಅವಳ ಬೆನ್ನು ತಟ್ಟಿದರು. ಇನ್ನು ನೀನೂ ನಮ್ಮವಳೇ, ಮುಂದಿನ ವಾರ ಬರುವ ಹೊಸ ಹುಡುಗಿಗೆ ನೀನೇ ಜೊತೆ ಎಂದು ಒಂದು ದಪ್ಪ ನೋಟ್‌ಬುಕ್ ಕೈಗಿಟ್ಟರು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿಯ ವಿವರ ಬರೆದಿಡುತ್ತಿದ್ದರಲ್ಲ, ಇದರಲ್ಲಿ ಹೊಸಬರದು, ಮುಂದಿನ ಜೊತೆಗಾರರಿಗಾಗಿ. ಹೇಗೆ ಬರೆಯಬೇಕೆಂದು ಹಿಂದಿನ ಪುಟ ನೋಡಿಕೋ ಎಂದರು, ಹೆಮ್ಮೆಯಿಂದಲೇ.

ಹಿಂದಿನ ಪುಟ ಅವಳದೇ ಆಗಿತ್ತು. ಅಕ್ಷರ ಅವನದು.

"ಗಂಡ ಇವರ ಗೆಳತಿಯ ಜೊತೆ ಹೋಗಿದ್ದಾನೆ. ಮದುವೆ, ಮಕ್ಕಳ ಮಾತು ತೆಗೆಯಬೇಡಿ. ಹಲ್ಲಿನ ಕೆಲಸದ ಬಗ್ಗೆ ಕೇಳಿದರೆ ಖುಷಿಪಡುತ್ತಾರೆ. ಟೀಗೆ ಸಕ್ಕರೆ ಬೇಡ."

ಕೆಳಗೆ, ಓದಿದ್ದೇವೆ ಎಂಬುದಕ್ಕೆ, ಹನ್ನೆರಡು ಜನರ ಸಹಿ.

ಅವಳು ಆ ಸಹಿಗಳನ್ನು ಮತ್ತೊಮ್ಮೆ ಎಣಿಸಿದಳು. ಮತ್ತೆ ಅದೇ... ಎಲ್ಲರಿಗೂ ಗೊತ್ತು, ತನಗೊಬ್ಬಳಿಗೇ ಗೊತ್ತಿಲ್ಲ! ಆ ಟೀ, ಆ ಹಲ್ಲಿನ ಮಾತು, ಎಲ್ಲವೂ ಓದಿ ಕಲಿತ ಪಾಠವಾ? ನಾನೇನು ಇವರಿಗೆಲ್ಲ ರೋಗಿಯಾ?

ಅವನು ದೂರದ ಬೆಂಚಿನ ಮೇಲಿದ್ದ. ಅವಳು ಹೋಗಿ ಪುಟ ತೆರೆದು ಅವನ ಮುಂದೆ ಹಿಡಿದಳು. "ಇದು ನೀವು ಬರೆದಿದ್ದಾ?"

"ಹೌದು. ಯಾರೂ ನಿಮ್ಮನ್ನ ನೋಯಿಸಬಾರದು ಅಂತ..."

"ನೋಯಿಸಿದ್ದು ನೀವೇ. ಆ ಮಾತು ನಿಮಗೊಬ್ಬರಿಗೇ ಕೊಟ್ಟಿದ್ದೆ."

ನೋಟ್‌ಬುಕ್ಕನ್ನು ಬೆಂಚಿನ ಮೇಲಿಟ್ಟು ಹೊರಟವಳು ಮನೆ ಬಾಗಿಲು ಹಾಕಿಕೊಳ್ಳುವವರೆಗೂ ಅಳಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಗಂಡ ಮಾಡಿದ್ದಕ್ಕಿಂತ ಇದು ಹೆಚ್ಚು ಉರಿಯಿತು, ಏಕೆಂದರೆ ಈ ಸಲ ಅವಳು ಹೆದರಿ ಹೆದರಿ ನಂಬಿದ್ದಳು.

ಎರಡು ಭಾನುವಾರ ಹೋಗಲಿಲ್ಲ. ಬೇರೆ ಊರಲ್ಲಿ ಕೆಲಸ ನೋಡುತ್ತೇನೆ ಎಂದಾಗ ಅಕ್ಕ, ಹೋದ ಊರಲ್ಲೆಲ್ಲ ಬಾಗಿಲು ಹಾಕಿಕೊಂಡು ಕೂತರೆ ಊರು ಬದಲಾಯಿಸಿ ಏನು ಬಂತು ಎಂದು ರೇಗಿದಳು.

ಮೂರನೇ ವಾರದ ಬುಧವಾರ, ಊಟದ ವಿರಾಮದಲ್ಲಿ, ಅವನು ಲ್ಯಾಬಿನ ಕೌಂಟರಿನ ಮುಂದೆ ಬಂದು ನಿಂತ. ಅವಳ ಕೈಯಲ್ಲಿ ಯಾರದೋ ಮೇಲ್ದವಡೆಯ ಹಲ್ಲು ಸೆಟ್. ಅದನ್ನು ಕೆಳಗಿಡಲೂ ತೋಚಲಿಲ್ಲ.

"ಹನ್ನೆರಡು ಜನ ಓದಿದ್ದಾರೆ. ಅದನ್ನ ವಾಪಸ್ ತಗೊಳ್ಳೋಕೆ ನನ್ನಿಂದ ಆಗಲ್ಲ" ಎಂದ. "ಬರೆಯೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದೇ."

ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮುಂದಿಟ್ಟ. ನಾಲ್ಕು ವರ್ಷದ ಹಿಂದೆ ಅವನು ಬಳಗಕ್ಕೆ ಬಂದಾಗ ಅವನ ಬಗ್ಗೆ ಬರೆದಿಟ್ಟ ಪುಟ. "ಓದಿ. ಆಗ ಲೆಕ್ಕ ಸರಿಹೋಗುತ್ತೆ."

ಅವಳ ಕೈ ಅದರತ್ತ ಹೋಯಿತು. ಸೇಡು ತೀರಿಸಿಕೊಳ್ಳುವ ಆಸೆ ಯಾರಿಗಿರುವುದಿಲ್ಲ? ಆದರೆ... ತನ್ನ ಪುಟವನ್ನು ಓದಿದ ಹದಿಮೂರನೆಯವಳು ತಾನೇ ಆಗಿದ್ದಾಗಿನ ಆ ಉರಿ ನೆನಪಾಯಿತು.

ಹಾಳೆಯನ್ನು ಹಿಂದಕ್ಕೆ ತಳ್ಳಿದಳು. "ಯಾರೋ ಬರೆದಿದ್ದು ನನಗೆ ಬೇಡ. ಹೇಳೋ ಮನಸ್ಸಿದ್ರೆ ನೀವೇ ಹೇಳಿ."

ಅವನು ಹಾಳೆಯನ್ನು ಮತ್ತೆ ಜೇಬಿಗಿಟ್ಟುಕೊಂಡ.

"ನನ್ನಮ್ಮ ಆರೈಕೆ ಮನೆಯಲ್ಲಿದ್ದಾಳೆ. ಅವಳಿಗೆ ನನ್ನ ಗುರುತು ಸಿಗಲ್ಲ. ನಾನು ಹೋದಾಗಲೆಲ್ಲ ಕನ್ನಡಕದಂಗಡಿಯವರು ಬಂದ್ರು ಅಂತಾಳೆ. ಪಾಪ, ತಾಯಿ ಇಲ್ಲದ ಹುಡುಗ ಅಂತ ತಿನ್ನೋಕೆ ಬಿಸ್ಕತ್ತು ಕೊಡ್ತಾಳೆ." ಅವನು ಕನ್ನಡಕ ತೆಗೆದು ಒರೆಸಿದ. "ಆ ಬಿಸ್ಕತ್ತಿನ ಮಾತು ಹಾಳೆಯಲ್ಲಿಲ್ಲ. ಅದನ್ನ ಯಾರಿಗೂ ಹೇಳಿರಲಿಲ್ಲ."

ಅವಳು ಕಣ್ಣೊರೆಸಿಕೊಳ್ಳಲು ಹೋಗಿ, ಕೈಯಲ್ಲಿನ್ನೂ ಹಲ್ಲು ಸೆಟ್ ಇರುವುದು ಕಂಡು ನಿಲ್ಲಿಸಿದಳು. ಅಳುವಿನ ನಡುವೆಯೇ ನಗು ಬಂತು. ಕೋಪ ಇಳಿದಿರಲಿಲ್ಲ, ನಿಜ. ಆದರೆ ಬಾಗಿಲು ಹಾಕಿಕೊಳ್ಳುವಷ್ಟು ಗಟ್ಟಿಯಾಗಿಯೂ ಉಳಿದಿರಲಿಲ್ಲ.

ಆ ಭಾನುವಾರ ಅವಳು ಹೋದಳು. ನರ್ಸಮ್ಮ ಏನೋ ಹೇಳಲು ಬಾಯಿ ತೆರೆದರು. ಅವಳು ಕೈ ಎತ್ತಿ ತಡೆದು ಎಲ್ಲರ ಮುಂದೆ ನಿಂತಳು.

"ನನ್ನ ಗಂಡ ನನ್ನ ಗೆಳತಿ ಜೊತೆ ಹೋದ. ನಿಮಗೆಲ್ಲ ಗೊತ್ತು, ಆದರೆ ನಾನು ಹೇಳಿದ್ದು ಇವತ್ತೇ. ಇನ್ಮೇಲೆ ನನ್ನ ವಿಷಯ ನನ್ನನ್ನೇ ಕೇಳಿ. ಹೊಸ ಹುಡುಗಿ ಬಗ್ಗೆ ನಾನೇನೂ ಬರೆಯಲ್ಲ."

ನರ್ಸಮ್ಮ ಎದ್ದು ಬಂದು ಅವಳ ಕೈ ಹಿಡಿದುಕೊಂಡರು. "ಮನುಷ್ಯರನ್ನ ವಾರ್ಡು ಅಂದುಕೊಂಡುಬಿಟ್ಟೆ ಮಗಳೇ" ಎಂದವರು ನೋಟ್‌ಬುಕ್ಕನ್ನು ಚೀಲದ ತಳಕ್ಕೆ ಸೇರಿಸಿದರು.

ನಡಿಗೆ ಹೊರಟಿತು. ಅವನು ಅವಳ ಪಕ್ಕಕ್ಕೆ ಬಂದ. ಇಬ್ಬರೂ ಉಳಿದವರಿಗಿಂತ ಹಿಂದೆ ಬಿದ್ದರು.

"ನೀವಂದ್ರೆ ನನಗೆ ತುಂಬಾ ಇಷ್ಟ" ಎಂದ ಅವನು, ಎದುರಿನ ದಾರಿ ನೋಡುತ್ತಲೇ.

ಅವಳು ಒಂದನ್ನು ಕೇಳಿಯೇ ತೀರಬೇಕಿತ್ತು. "ಇದು ಎಷ್ಟು ಜನಕ್ಕೆ ಗೊತ್ತು?"

"ಇಲ್ಲೀವರೆಗೆ ನನಗೊಬ್ಬನಿಗೇ. ಈಗ ನಿಮಗೆ."

ಮುಂದೆ ಹೋಗುತ್ತಿದ್ದ ಹನ್ನೆರಡು ಬೆನ್ನುಗಳನ್ನು ಅವಳು ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಅವನ ಕೈಯೊಳಗೆ ಕೈಯಿಟ್ಟಳು.

"ಸದ್ಯಕ್ಕೆ ಇಬ್ಬರಿಗೇ ಇರಲಿ."